ಇಟಲಿಯಲ್ಲಿ ಸರ್ಕಾರಿ ರಜೆ ದಿನ ಓಡಾಡುವುದು ಹೇಗೆ: ಬಾರದ ಬಸ್ಸಿಗೆ ಕಾದು ಕಲಿತದ್ದು

ಜೂನ್ 2, ತೊಸ್ಕಾನಾದ ಗುಡ್ಡದ ಮೇಲಿನ ಒಂದು ಪುಟ್ಟ ಊರು. ಅಪ್ಪ ಅಮ್ಮ ಮೊದಲ ಸಲ ಇಟಲಿಗೆ ಬಂದಿದ್ದರು, ನಾನು ಗೈಡ್ ಥರ ಮುಂದೆ ಮುಂದೆ ಹೋಗುತ್ತಿದ್ದೆ. ಬಸ್ ಸ್ಟಾಪಿನ ಬೋರ್ಡಿನಲ್ಲಿ ಮಧ್ಯಾಹ್ನ ಒಂದೂವರೆಗೆ ಬಸ್ಸಿದೆ ಅಂತ ಇತ್ತು, ಪಕ್ಕದಲ್ಲಿ 'ಫೆರಿಯಾಲೆ' ಅಂತ ಬರೆದಿತ್ತು. ಇಲ್ಲಿನವರು ರಜೆಗೆ 'ಫೆರಿಯೆ' ಅನ್ನುತ್ತಾರೆ ಅನ್ನುವಷ್ಟು ಇಟಾಲಿಯನ್ ನನಗೆ ಬರುತ್ತಿತ್ತು. ಹಾಗಾಗಿ ಇದು ರಜೆ ದಿನದ ಬಸ್ಸೇ ಅಂತ ನಾನೇ ಅರ್ಥ ಮಾಡಿಕೊಂಡು ಅಮ್ಮನಿಗೆ ಜಂಬದಿಂದ ಹೇಳಿಯೂ ಆಯಿತು. ಎರಡೂವರೆ ಆದರೂ ಬಸ್ಸಿಲ್ಲ. ಎದುರಿನ ಬಾರಿನವನು ಹೊರಗೆ ಬಂದು, ನಮ್ಮ ಮೂವರ ಮುಖ ನೋಡಿ, ಬೋರ್ಡ್ ತೋರಿಸಿ ತಲೆಯಾಡಿಸಿದ. ಫೆರಿಯಾಲೆ ಅಂದರೆ ಕೆಲಸದ ದಿನವಂತೆ! ರಜೆ ದಿನಕ್ಕೆ 'ಫೆಸ್ತಿವೊ' ಅನ್ನುತ್ತಾರಂತೆ. ಮುಂದಿನ ಬಸ್ಸು ಸಂಜೆ ಐದಕ್ಕೆ. "ನಿನ್ನ ಇಟಾಲಿಯನ್ ಚೆನ್ನಾಗಿದೆ ಕಣೋ" ಅಂದರು ಅಪ್ಪ, ಅಷ್ಟೇ. ಆಮೇಲೆ ಐದು ಗಂಟೆವರೆಗೂ ಮಾತಾಡಲಿಲ್ಲ.

ಆವತ್ತಿಂದ ಇಲ್ಲಿನ ರಜೆಗಳನ್ನು ಸ್ವಲ್ಪ ಗಮನ ಕೊಟ್ಟು ನೋಡುತ್ತಿದ್ದೇನೆ. ಊರಿಂದ ಯಾರು ಬಂದರೂ ಇದನ್ನೇ ಕೇಳುತ್ತಾರೆ, ಅದಕ್ಕೆ ಒಂದೇ ಕಡೆ ಬರೆದಿಡೋಣ ಅನ್ನಿಸಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಜೆ ದಿನ ಇಟಲಿ ಪೂರ್ತಿ ಮುಚ್ಚಿರುತ್ತದೆ ಅನ್ನುವುದು ಸುಳ್ಳು. ಒಂದು ಕಡೆ ಖಾಲಿಯಾಗಿ ಇನ್ನೊಂದು ಕಡೆ ತುಂಬಿಕೊಳ್ಳುತ್ತದೆ. ಎಲ್ಲಿ ಖಾಲಿ, ಎಲ್ಲಿ ತುಂಬಿದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಕ್ಯಾಲೆಂಡರ್, ಆಮೇಲೆ ವಿಮಾನದ ಟಿಕೆಟ್

ದೇಶಕ್ಕೆಲ್ಲ ರಜೆ ಇರುವ ದಿನಗಳು ಇವು: ಜನವರಿ 1 ಮತ್ತು 6, ಈಸ್ಟರ್ ಭಾನುವಾರ ಮತ್ತು ಅದರ ಮಾರನೇ ಸೋಮವಾರ, ಏಪ್ರಿಲ್ 25, ಮೇ 1, ಜೂನ್ 2, ಆಗಸ್ಟ್ 15, ನವೆಂಬರ್ 1, ಡಿಸೆಂಬರ್ 8, 25 ಮತ್ತು 26. 2026ರಿಂದ ಅಕ್ಟೋಬರ್ 4 ಕೂಡ ಸೇರಿದೆ, ಅದು ಅಸ್ಸಿಸಿಯ ಸಂತ ಫ್ರಾನ್ಸಿಸನ ದಿನ. ಹಳೇ ಗೈಡ್ ಪುಸ್ತಕಗಳಲ್ಲಿ ಇದು ಇರುವುದಿಲ್ಲ, ನೋಡಿಕೊಳ್ಳಿ. ಗುಡ್ ಫ್ರೈಡೇ ನಮ್ಮಲ್ಲಿ ರಜೆ. ಪೋಪ್ ಇರುವ ನಾಡಿನಲ್ಲಿ ಅದು ರಜೆಯಲ್ಲ, ಬ್ಯಾಂಕು ಅಂಗಡಿ ಎಲ್ಲಾ ತೆರೆದಿರುತ್ತವೆ! ನನಗಂತೂ ಇದು ಇನ್ನೂ ವಿಚಿತ್ರ ಅನ್ನಿಸುತ್ತದೆ.

ಇದರ ಮೇಲೆ ಪ್ರತಿ ಊರಿಗೂ ತನ್ನದೇ ಒಬ್ಬ ಸಂತ ಇದ್ದಾನೆ, ಅವನ ದಿನ ಆ ಊರಿಗೆ ಮಾತ್ರ ರಜೆ. ನಮ್ಮ ಗ್ರಾಮದೇವತೆ ಜಾತ್ರೆ ಇದ್ದ ಹಾಗೆ ಅಂದುಕೊಳ್ಳಿ. ರೋಮಿಗೆ ಜೂನ್ 29. ಫ್ಲಾರೆನ್ಸ್, ತೊರಿನೊ, ಜೆನೋವಾಗಳಿಗೆ ಜೂನ್ 24. ನೇಪಲ್ಸಿಗೆ ಸೆಪ್ಟೆಂಬರ್ 19, ಮಿಲಾನಿಗೆ ಡಿಸೆಂಬರ್ 7. ಮಿಲಾನಿನಲ್ಲಿ 7ರ ಪಕ್ಕದಲ್ಲೇ 8 ಕೂಡ ರಜೆ, ಹಾಗಾಗಿ ಆ ವಾರ ಊರಿಗೆ ಊರೇ ಬೀದಿಯಲ್ಲಿರುತ್ತದೆ, ಹೋಟೆಲ್ ಬಾಡಿಗೆ ಕೇಳುವ ಹಾಗಿಲ್ಲ.

ಇನ್ನೊಂದು ಪದ ಕಲಿತುಕೊಳ್ಳಿ: 'ಪೊಂತೆ', ಅಂದರೆ ಸೇತುವೆ. ರಜೆ ಮಂಗಳವಾರ ಬಂದರೆ ಸೋಮವಾರವನ್ನೂ, ಗುರುವಾರ ಬಂದರೆ ಶುಕ್ರವಾರವನ್ನೂ ಸೇರಿಸಿ ಜನ ನಾಲ್ಕು ದಿನ ಊರು ಬಿಡುತ್ತಾರೆ. 2026ರಲ್ಲಿ ಜೂನ್ 2 ಮಂಗಳವಾರ, ಡಿಸೆಂಬರ್ 8 ಕೂಡ ಮಂಗಳವಾರ. ರಜೆ ಭಾನುವಾರ ಬಿದ್ದರೆ ಮಾತ್ರ ಅದು ಹೋದ ಹಾಗೆಯೇ, ಸೋಮವಾರ ಬದಲಿ ರಜೆ ಕೊಡುವ ಪದ್ಧತಿ ಇಲ್ಲಿಲ್ಲ. ಆದ್ದರಿಂದ ತಾರೀಖಿನ ಜೊತೆ ವಾರವನ್ನೂ ನೋಡಿ. ನಿಜವಾದ ನೂಕುನುಗ್ಗಲು ಇರುವುದು ರಜೆಯ ಹಿಂದಿನ ಸಂಜೆ ಮತ್ತು ಪೊಂತೆಯ ಕೊನೇ ಸಂಜೆ.

ಎರಡನೇ ಹೆಜ್ಜೆ: ಆ ದಿನ ಯಾವ ಊರಲ್ಲಿ ಇರುತ್ತೀರಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ರಜೆ ದಿನ ಊರು ಬದಲಾಯಿಸಬೇಡಿ. ಹಿಂದಿನ ದಿನ ಮಧ್ಯಾಹ್ನದೊಳಗೆ ಒಂದು ಊರು ಸೇರಿಕೊಂಡು, ರಜೆ ದಿನ ಕಾಲ್ನಡಿಗೆಯಲ್ಲೇ ನೋಡುವಷ್ಟು ನೋಡಿ, ಮಾರನೇ ದಿನ ನಿಧಾನಕ್ಕೆ ಹೊರಡಿ. ಹೋಟೆಲ್ ಮಾತ್ರ ಊರ ಮಧ್ಯದಲ್ಲಿರಲಿ. ಹತ್ತು ಯೂರೋ ಉಳಿಸಲು ಹೊರವಲಯದಲ್ಲಿ ರೂಮು ಮಾಡಿದರೆ, ಗಂಟೆಗೊಂದು ಬರುವ ಬಸ್ಸಿಗೆ ಕಾಯುತ್ತಾ ದಿನ ಹೋಗುತ್ತದೆ.

ಒಂದೊಂದು ರಜೆಗೂ ಒಂದೊಂದು ಗುಣ ಇದೆ.

ಜೂನ್ 2 ಗಣರಾಜ್ಯದ ದಿನ. 1946ರಲ್ಲಿ ರಾಜ ಬೇಕೋ ಬೇಡವೋ ಅಂತ ಜನಮತ ತೆಗೆದುಕೊಂಡು ಬೇಡ ಅಂದ ದಿನ. ರೋಮಿನಲ್ಲಿ ಕೊಲೊಸಿಯಂ ಪಕ್ಕದ ಫೋರಿ ಇಂಪೆರಿಯಾಲಿ ರಸ್ತೆಯಲ್ಲಿ ಪರೇಡ್ ನಡೆಯುತ್ತದೆ, ಮೇಲೆ ವಾಯುಪಡೆಯ ವಿಮಾನಗಳು ಹಸಿರು, ಬಿಳಿ, ಕೆಂಪು ಹೊಗೆ ಬಿಡುತ್ತಾ ಹಾರುತ್ತವೆ. ನೋಡಬೇಕಾದದ್ದೇ, ಆದರೆ ಬೆಳಗ್ಗೆ ಆ ಸುತ್ತಮುತ್ತ ರಸ್ತೆಗಳು ಬಂದ್, ಮೆಟ್ರೋದ ಕೊಲೊಸ್ಸೆಯೊ ನಿಲ್ದಾಣವೂ ಬಂದ್ ಇರುತ್ತದೆ. ಕೊಲೊಸಿಯಂ ತೆರೆಯುವುದೇ ಮಧ್ಯಾಹ್ನದ ಮೇಲೆ. ವಿಮಾನಗಳನ್ನಷ್ಟೇ ನೋಡಬೇಕಿದ್ದರೆ ಪರೇಡ್ ಹತ್ತಿರ ಹೋಗಿ ಒದ್ದಾಡಬೇಡಿ, ಪಿಂಚೊ ಗುಡ್ಡದ ಕಟ್ಟೆ ಮೇಲೆ ನಿಂತರೂ ಆಕಾಶ ಆಕಾಶವೇ.

ಏಪ್ರಿಲ್ 25 ವಿಮೋಚನಾ ದಿನ, 1945ರಲ್ಲಿ ನಾಜಿಗಳ, ಫ್ಯಾಸಿಸ್ಟರ ಕೈಯಿಂದ ಬಿಡುಗಡೆಯಾದ ನೆನಪು. ಅದೇ ದಿನ ವೆನಿಸ್ಸಿಗೆ ಸಂತ ಮಾರ್ಕನ ಹಬ್ಬ. ಗಂಡಸರು ಹೆಂಡತಿಗೋ ಗೆಳತಿಗೋ ಒಂದು ಕೆಂಪು ಗುಲಾಬಿ ಮೊಗ್ಗು ಕೊಡುತ್ತಾರೆ. ನೋಡಲು ಚೆಂದ, ಆದರೆ ಜನ ನೋಡಿದರೆ ದಸರಾ ದಿನದ ಮೈಸೂರು. 2024ರಲ್ಲಿ ವೆನಿಸ್ ತನ್ನ ಪ್ರವೇಶ ಶುಲ್ಕ ಶುರು ಮಾಡಿದ್ದೂ ಇದೇ ಏಪ್ರಿಲ್ 25ಕ್ಕೆ. ಬೆಳಗ್ಗೆ ಬಂದು ಸಂಜೆ ಹೋಗುವವರು 5 ಯೂರೋ ಕಟ್ಟಬೇಕು, ಕೊನೇ ಗಳಿಗೆಯಲ್ಲಿ ಬುಕ್ ಮಾಡಿದರೆ 2025ರಿಂದ 10 ಯೂರೋ. ವಸಂತ, ಬೇಸಿಗೆಯ ಆಯ್ದ ದಿನಗಳಿಗೆ ಮಾತ್ರ ಇದು, ರಜೆ ದಿನಗಳು ಸಾಮಾನ್ಯವಾಗಿ ಅದರಲ್ಲಿ ಸೇರಿರುತ್ತವೆ. ವೆನಿಸ್ಸಿನಲ್ಲೇ ರಾತ್ರಿ ಉಳಿದರೆ ಶುಲ್ಕ ಇಲ್ಲ, ಆದರೆ ವಿನಾಯಿತಿಯ ಕೋಡ್ ಮೊದಲೇ ಆನ್‌ಲೈನಿನಲ್ಲಿ ಪಡೆದಿರಬೇಕು.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಏಪ್ರಿಲ್ 25ಕ್ಕೆ ಇಟಲಿಯಲ್ಲಿದ್ದರೆ, ಆ ಯುದ್ಧದಲ್ಲಿ ನಮ್ಮವರೂ ಇಲ್ಲಿ ಸತ್ತಿದ್ದಾರೆ ಅನ್ನುವುದು ನೆನಪಿರಲಿ. ಫೊರ್ಲಿ ಊರಿನಲ್ಲಿ ಭಾರತೀಯ ಸೈನಿಕರದ್ದೇ ಒಂದು ಸಮಾಧಿ ಸ್ಥಳ ಇದೆ. ಉಂಬ್ರಿಯಾದ ಮೊಂತೊನೆ ಊರಿನಲ್ಲಿ 2023ರಲ್ಲಿ ಒಂದು ನೆರಳು ಗಡಿಯಾರದ ಸ್ಮಾರಕ ಕಟ್ಟಿದ್ದಾರೆ, ಅದು ಯಶವಂತ ಘಾಡ್ಗೆ ಹೆಸರಿನದು. 1944ರ ಜುಲೈನಲ್ಲಿ ಆ ಕಡೆಯ ಟೈಬರ್ ಕಣಿವೆಯಲ್ಲಿ ಸತ್ತು, ವಿಕ್ಟೋರಿಯಾ ಕ್ರಾಸ್ ಪಡೆದ ಮರಾಠಾ ಲೈಟ್ ಇನ್‌ಫೆಂಟ್ರಿಯ ಸೈನಿಕ. ಆ ದಳದ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲೇ, ಅಲ್ವಾ? ಎರಡೂ ಜಾಗಕ್ಕೆ ಟಿಕೆಟ್ ಇಲ್ಲ, ಕ್ಯೂ ಇಲ್ಲ.

ಈಸ್ಟರ್ ಭಾನುವಾರ ರೋಮ್ ಅಂದರೆ ಸಂತ ಪೀಟರ್ ಚೌಕದ ಜನಸಾಗರ. ಫ್ಲಾರೆನ್ಸಿನಲ್ಲಿ ಆವತ್ತು ಬೆಳಗ್ಗೆ ಕೆಥೆಡ್ರಲ್ ಮುಂದೆ ಎತ್ತುಗಳು ಎಳೆದು ತಂದ ರಥಕ್ಕೆ ಪಟಾಕಿ ಕಟ್ಟಿ ಸಿಡಿಸುತ್ತಾರೆ, ಮಕ್ಕಳಿದ್ದರೆ ನಾನಾದರೆ ಅಲ್ಲಿಗೇ ಹೋಗುತ್ತೇನೆ. ಮಾರನೇ ಸೋಮವಾರ 'ಪಾಸ್ಕ್ವೆತ್ತಾ'. ಮನೆಯಲ್ಲಿ ಯಾರೂ ಇರುವುದಿಲ್ಲ, ಎಲ್ಲಾ ಬುತ್ತಿ ಕಟ್ಟಿಕೊಂಡು ಹೊಲ, ಪಾರ್ಕು, ಸಮುದ್ರ ಅಂತ ಹೊರಡುತ್ತಾರೆ. ಆವತ್ತು ಪುಟ್ಟ ಊರಿಗೆ ಹೋಗುವ ರೈಲುಗಳೇ ಕಿಕ್ಕಿರಿದಿರುತ್ತವೆ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೇ ಬರುತ್ತದೆ, ಚಳಿ ಇನ್ನೂ ಇರುತ್ತದೆ, ಸ್ವೆಟರ್ ಇಟ್ಟುಕೊಳ್ಳಿ.

ಆಮೇಲೆ ಆಗಸ್ಟ್ 15, 'ಫೆರ್ರಾಗೊಸ್ತೊ'. ಚಕ್ರವರ್ತಿ ಆಗಸ್ಟಸನ ಕಾಲದಿಂದ ಬಂದ ರಜೆ, ಮೇಲೆ ಮೇರಿ ಮಾತೆಯ ಹಬ್ಬ ಕೂತಿದೆ. ಹೆಸರಿಗೆ ಒಂದು ದಿನ, ನಿಜದಲ್ಲಿ ಎರಡು ಮೂರು ವಾರ. ಬೀದಿ ಬೀದಿಯಲ್ಲಿ ಅಂಗಡಿ ಷಟರ್ ಮೇಲೆ 'ಕಿಯೂಸೊ ಪೆರ್ ಫೆರಿಯೆ' ಅಂತ ಕೈಬರಹದ ಚೀಟಿ ಅಂಟಿಸಿರುತ್ತಾರೆ, ರಜೆಗೆ ಮುಚ್ಚಿದೆ ಅಂತ ಅರ್ಥ. ಮಿಲಾನ್, ತೊರಿನೊ, ರೋಮಿನ ಜನ ಇರುವ ಬಡಾವಣೆಗಳು ಖಾಲಿ ಹೊಡೆಯುತ್ತಿರುತ್ತವೆ, ರಿಮಿನಿಯ ಬೀಚಿನಲ್ಲಿ ಟವೆಲ್ ಹಾಸಲು ಜಾಗ ಇರುವುದಿಲ್ಲ. ಬಿಸಿಲು ತಡೆಯುವ ಶಕ್ತಿ ಇದ್ದರೆ ನನ್ನ ಆಯ್ಕೆ ಆವತ್ತು ದೊಡ್ಡ ಊರೇ. ರಸ್ತೆಯಲ್ಲಿ ವಾಹನ ಇಲ್ಲ, ಎಲ್ಲಿ ಬೇಕಾದರೂ ನಿಂತು ಫೋಟೊ ತೆಗೆಯಬಹುದು. ರೋಮಿನಲ್ಲಿ ಬೀದಿ ನಲ್ಲಿಗಳ ನೀರು ಕುಡಿಯಲು ಯೋಗ್ಯ, ಬಾಟಲಿ ತುಂಬಿಸಿಕೊಳ್ಳುತ್ತಾ ಹೋಗಿ. ಮಾರನೇ ದಿನ, ಆಗಸ್ಟ್ 16ಕ್ಕೆ, ಸಿಯೆನಾದಲ್ಲಿ ಪಾಲಿಯೊ ಕುದುರೆ ಓಟ. ಚೌಕದ ಮಧ್ಯೆ ನಿಂತು ನೋಡಲು ದುಡ್ಡಿಲ್ಲ. ಆದರೆ ಒಮ್ಮೆ ಒಳಗೆ ಹೋದರೆ ಓಟ ಮುಗಿಯುವವರೆಗೆ ಗಂಟೆಗಟ್ಟಲೆ ಹೊರಗೆ ಬರಲಾಗದು, ಬಿಸಿಲು ನೆತ್ತಿ ಮೇಲೆ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಬೇಡವೇ ಬೇಡ.

ರೈಲು, ಬಸ್ಸು: ಸುತ್ತಿಗೆ ಚಿತ್ರ ನೋಡಿ

ಬೋರ್ಡಿನಲ್ಲಿ ಪದ ಓದಲು ಬರದಿದ್ದರೂ ಚಿತ್ರ ನೋಡಬಹುದು. ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಸುತ್ತಿಗೆ ಇದ್ದರೆ ಕೆಲಸದ ದಿನ, ಶನಿವಾರವೂ ಅದರಲ್ಲೇ ಸೇರುತ್ತದೆ. ಶಿಲುಬೆ ಇದ್ದರೆ ಭಾನುವಾರ ಮತ್ತು ರಜೆ ದಿನ. ಇದೊಂದು ಗೊತ್ತಿದ್ದಿದ್ದರೆ ಅಪ್ಪ ಆವತ್ತು ಮೌನವ್ರತ ಹಿಡಿಯುತ್ತಿರಲಿಲ್ಲ. ಪಾರ್ಕಿಂಗ್ ಬೋರ್ಡಿನಲ್ಲೂ ಇದೇ ಚಿತ್ರ ಇರುತ್ತದೆ.

ಫ್ರೆಚ್ಚಾರೊಸ್ಸಾ, ಇಟಾಲೊದಂಥ ವೇಗದ ರೈಲುಗಳಿಗೆ ಸೀಟು ಕಾಯ್ದಿರಿಸಲೇಬೇಕು, ದಿನ ಹತ್ತಿರ ಬಂದಷ್ಟೂ ದರ ಏರುತ್ತದೆ. ಪೊಂತೆ ಇದ್ದರಂತೂ ರೋಮ್‌ನಿಂದ ಫ್ಲಾರೆನ್ಸಿಗೆ ಕೊನೇ ಗಳಿಗೆಯಲ್ಲಿ ಕೇಳುವ ದರ ನೋಡಿ ಎದೆ ಧಸಕ್ಕೆನ್ನುತ್ತದೆ. ಆಗ 'ರೆಜಿಯೊನಾಲೆ' ಅನ್ನುವ ಲೋಕಲ್ ರೈಲು ಹಿಡಿಯಿರಿ. ಈ ರೈಲುಗಳ ದರ ರಜೆ ಅಂತ ಹೆಚ್ಚಾಗುವುದಿಲ್ಲ, ಸೀಟ್ ನಂಬರೂ ಇಲ್ಲ, ಟಿಕೆಟ್ ಮುಗಿದುಹೋಯಿತು ಅನ್ನುವುದೂ ಇಲ್ಲ. ಒಂದೂವರೆ ಗಂಟೆಯ ದಾರಿ ಮೂರೂವರೆ ನಾಲ್ಕು ಗಂಟೆ ಆಗುತ್ತದೆ, ನಿಂತುಕೊಳ್ಳಬೇಕಾಗಬಹುದು, ಅಷ್ಟೇ. ಪೇಪರ್ ಟಿಕೆಟ್ ಆದರೆ ಹತ್ತುವ ಮುಂಚೆ ಪ್ಲಾಟ್‌ಫಾರಂನ ಯಂತ್ರದಲ್ಲಿ ಸೀಲು ಒತ್ತಿಸಿಕೊಳ್ಳಿ. ಮೊಬೈಲ್ ಟಿಕೆಟ್ ಆದರೆ ಆನ್‌ಲೈನ್ ಚೆಕ್ ಇನ್ ಮಾಡಿ. ಮರೆತರೆ ದಂಡ, 'ನಾವು ಟೂರಿಸ್ಟು' ಅನ್ನುವ ಮಾತು ನಡೆಯುವುದಿಲ್ಲ.

ಊರೊಳಗಿನ ಬಸ್ಸು, ಮೆಟ್ರೋ ರಜೆ ದಿನ ಭಾನುವಾರದ ಹಾಗೆ ಓಡುತ್ತವೆ. ಕ್ರಿಸ್‌ಮಸ್ ದಿನ ಮಾತ್ರ ಬೇರೆ ಲೆಕ್ಕ. ರೋಮಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಮೆಟ್ರೋ ನಿಂತೇಹೋಗುತ್ತದೆ, ಸಂಜೆ ಮತ್ತೆ ಶುರುವಾಗಿ ರಾತ್ರಿ ಬೇಗ ಮುಗಿಯುತ್ತದೆ. ಆವತ್ತು ವಿಮಾನ ಇದ್ದರೆ ಟ್ಯಾಕ್ಸಿ ಹಿಂದಿನ ದಿನವೇ ಹೇಳಿಟ್ಟಿರಿ. ಇನ್ನು ಮುಷ್ಕರ, ಅಂದರೆ 'ಶೋಪೆರೊ', ಇಟಲಿಯಲ್ಲಿ ಮಾಮೂಲು. ಮುಷ್ಕರ ಇದ್ದರೂ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಲೋಕಲ್ ರೈಲು ಓಡುವ ಖಾತರಿ ಇದೆ ಅಂತ ಎಲ್ಲರೂ ಹೇಳುತ್ತಾರೆ. ಆ ಖಾತರಿ ಇರುವುದು ಕೆಲಸದ ದಿನಕ್ಕೆ ಮಾತ್ರ.

ಮ್ಯೂಸಿಯಂ: ಉಚಿತ ಅಂದರೆ ಓಡಿಹೋಗಬೇಡಿ

ಏಪ್ರಿಲ್ 25, ಜೂನ್ 2 ಎರಡೂ ದಿನ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ತಿಂಗಳ ಮೊದಲ ಭಾನುವಾರವೂ ಅಷ್ಟೇ, ನವೆಂಬರ್ 4 ಕೂಡ. ಕೊಲೊಸಿಯಂ, ಫ್ಲಾರೆನ್ಸಿನ ಉಫ್ಫಿತ್ಸಿ ಚಿತ್ರಶಾಲೆ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೇ ಊರು ಪೊಂಪೆ ಎಲ್ಲಾ ಇದರಲ್ಲಿ ಬರುತ್ತವೆ. ಕೇಳಲು ಖುಷಿ, ಆದರೆ ಉಚಿತ ದಿನ ಎಷ್ಟೋ ಕಡೆ ಮೊದಲೇ ಸಮಯ ಕಾಯ್ದಿರಿಸಲಾಗುವುದಿಲ್ಲ, ಹೋಗಿ ಕ್ಯೂ ನಿಲ್ಲಬೇಕು. ಪೊಂಪೆಯಲ್ಲಿ ದಿನಕ್ಕೆ 20,000 ಜನರಿಗಷ್ಟೇ ಪ್ರವೇಶ ಅನ್ನುವ ಮಿತಿಯೂ ಇದೆ. ಜೀವನದಲ್ಲಿ ಒಂದೇ ಸಲ ಬರುವವರು ಇಪ್ಪತ್ತು ಯೂರೋ ಉಳಿಸಲು ಮೂರು ಗಂಟೆ ಬಿಸಿಲಲ್ಲಿ ನಿಲ್ಲುವುದು ನನಗೆ ಸರಿಕಾಣುವುದಿಲ್ಲ. ದೊಡ್ಡ ಜಾಗಗಳನ್ನು ಬೇರೆ ದಿನ ದುಡ್ಡು ಕೊಟ್ಟು ನೋಡಿ. ಉಚಿತ ದಿನವನ್ನು ಯಾರೂ ನುಗ್ಗದ ಜಾಗಕ್ಕೆ ಇಟ್ಟುಕೊಳ್ಳಿ, ರೋಮಿನ ಹತ್ತಿರ ಪಾಳುಬಿದ್ದ ಹಳೇ ಬಂದರು ಊರು ಓಸ್ತಿಯಾ ಅಂತಿಕಾ ಇದೆ, ಹಳೇ ರೋಮನ್ನರ ಸ್ನಾನಗೃಹ ತರ್ಮೆ ದಿ ಕರಕಲ್ಲಾ ಇದೆ. ಕೊಲೊಸಿಯಂ ಟಿಕೆಟ್ 30 ದಿನ ಮೊದಲು ಬಿಡುತ್ತಾರೆ, ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹಾಕಿ. ನಮ್ಮ ಇನಿಷಿಯಲ್ ಗೋಜಲು ಅವರಿಗೆ ಅರ್ಥವಾಗುವುದಿಲ್ಲ.

ವ್ಯಾಟಿಕನ್ ಮ್ಯೂಸಿಯಂ ಕತೆ ಬೇರೆ, ಅದು ಬೇರೆ ದೇಶ. ಇಟಲಿಯ ಏಪ್ರಿಲ್ 25, ಜೂನ್ 2 ಅವರಿಗೆ ರಜೆಯಲ್ಲ, ಭಾನುವಾರ ಬೀಳದಿದ್ದರೆ ತೆರೆದಿರುತ್ತದೆ. ಆದರೆ ಈಸ್ಟರ್ ಸೋಮವಾರ, ಮೇ 1, ಜೂನ್ 29, ಆಗಸ್ಟ್ 15, ನವೆಂಬರ್ 1, ಡಿಸೆಂಬರ್ 8 ಇವೆಲ್ಲ ಮುಚ್ಚಿರುತ್ತದೆ. ಭಾನುವಾರವೂ ಮುಚ್ಚಿರುತ್ತದೆ, ತಿಂಗಳ ಕೊನೇ ಭಾನುವಾರ ಮಾತ್ರ ಬೆಳಗ್ಗೆ ಉಚಿತ. ಬಾಗಿಲವರೆಗೆ ಹೋಗಿ ವಾಪಸ್ ಬಂದವರು ನನಗೆ ಗೊತ್ತಿರುವವರಲ್ಲೇ ನಾಲ್ಕು ಜನ ಇದ್ದಾರೆ.

ಊಟ

ಹಿಂದಿನ ಸಂಜೆ ಸೂಪರ್‌ಮಾರ್ಕೆಟ್‌ಗೆ ಹೋಗಿ ಬನ್ನಿ. ಬ್ರೆಡ್ಡು, ಹಣ್ಣು, ಮೊಸರು, ನೀರು ತಂದಿಟ್ಟುಕೊಂಡರೆ ಅರ್ಧ ಚಿಂತೆ ಕಳೆಯಿತು. ರಜೆ ದಿನ ಕೆಲವು ಸೂಪರ್‌ಮಾರ್ಕೆಟ್ ಮಧ್ಯಾಹ್ನದವರೆಗೆ ಇರುತ್ತವೆ, ಕ್ರಿಸ್‌ಮಸ್, ಈಸ್ಟರ್ ದಿನ ಬಹುತೇಕ ಮುಚ್ಚಿರುತ್ತವೆ. ಏನೂ ಸಿಗದಿದ್ದರೆ ದೊಡ್ಡ ರೈಲು ನಿಲ್ದಾಣಕ್ಕೆ ಹೋಗಿ, ರೋಮಿನ ತೆರ್ಮಿನಿಯಂಥ ಕಡೆ ಏನಾದರೂ ಒಂದು ತೆರೆದೇ ಇರುತ್ತದೆ. ತೆರ್ಮಿನಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಪಿಯಾತ್ಸಾ ವಿತ್ತೋರಿಯೊ ಇದೆ, ಅಲ್ಲಿ ಬಾಂಗ್ಲಾದವರ, ನಮ್ಮವರ ದಿನಸಿ ಅಂಗಡಿಗಳಿವೆ, ಹಸಿಮೆಣಸಿನಕಾಯಿ ಕೊತ್ತಂಬರಿ ಎಲ್ಲಾ ಸಿಗುತ್ತದೆ.

ಬೆಳಗಿನ ಕಾಫಿಗೆ ತೊಂದರೆ ಇಲ್ಲ, ಬಾರುಗಳು ರಜೆ ದಿನವೂ ಬಾಗಿಲು ತೆರೆಯುತ್ತವೆ. ಇಲ್ಲಿ ಬಾರ್ ಅಂದರೆ ಕಾಫಿ ಅಂಗಡಿ, ಅಮ್ಮ ಒಳಗೆ ಬರಲು ಒಪ್ಪಿರಲಿಲ್ಲ! ನಿಂತು ಕುಡಿದರೆ ಅಗ್ಗ. ಈಸ್ಟರ್, ಕ್ರಿಸ್‌ಮಸ್, ಫೆರ್ರಾಗೊಸ್ತೊ ಮಧ್ಯಾಹ್ನ ತೆರೆದಿರುವ ರೆಸ್ಟೋರೆಂಟುಗಳು ಎಷ್ಟೋ ಸಲ ಒಂದೇ ಹಬ್ಬದ ಮೆನು ಇಡುತ್ತವೆ, ಕುರಿ, ಮೀನು ಅಂತ. ಸಸ್ಯಾಹಾರಿಗಳು ಮೊದಲೇ ಫೋನ್ ಮಾಡಿ 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಷೆ' ಅನ್ನಿ, ಮಾಂಸ ಬೇಡ, ಮೀನು ಬೇಡ ಅಂತ. ಬರೀ 'ಕಾರ್ನೆ ಬೇಡ' ಅಂದರೆ ಮೀನು ಬಂದು ಕೂರುತ್ತದೆ. ಪಿತ್ಸಾ ಮೇಲೆ 'ಪೆಪೆರೋನಿ' ಅಂತ ಬರೆದಿದ್ದರೆ ಹೆದರಬೇಡಿ, ಇಟಲಿಯಲ್ಲಿ ಅದು ದಪ್ಪ ಮೆಣಸಿನಕಾಯಿ.

ಊರಿಂದ ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಮಿಕ್ಸ್ ತನ್ನಿ, ಧಾರಾಳವಾಗಿ. ತುಪ್ಪ ಮಾತ್ರ ಬೇಡ, ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರಲು ಯುರೋಪಿನಲ್ಲಿ ನಿಷೇಧ ಇದೆ.

ಕಾರು ತೆಗೆದುಕೊಳ್ಳುವವರಿಗೆ

ಸುಮ್ನೆ ಚಿಕ್ಕದಾಗಿ ಹೇಳುತ್ತೇನೆ. ಊರೊಳಗಿನ ಬಾಡಿಗೆ ಕಾರಿನ ಆಫೀಸು ರಜೆ ದಿನ ಮುಚ್ಚಿರುವುದೇ ಜಾಸ್ತಿ, ಏರ್‌ಪೋರ್ಟಿನಲ್ಲಿ ತೆಗೆದುಕೊಳ್ಳಿ. ನಮ್ಮ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರ್ಮಿಟ್ ಬೇಕು. ಪೆಟ್ರೋಲ್ ಬಂಕಿನಲ್ಲಿ ಆಳಿರುವುದಿಲ್ಲ, ಯಂತ್ರಕ್ಕೆ ಕಾರ್ಡೋ ನೋಟೋ ಕೊಟ್ಟು ನೀವೇ ಹಾಕಿಕೊಳ್ಳಬೇಕು. ಕೈಯಲ್ಲಿ ಹತ್ತು ಇಪ್ಪತ್ತು ಯೂರೋದ ನೋಟು ಇರಲಿ. ಹಳೇ ಪಟ್ಟಣದ ಒಳಗೆ ಹೊರಗಿನ ಕಾರಿಗೆ ನಿಷೇಧ ಇರುವ ಪ್ರದೇಶಕ್ಕೆ 'ಝಡ್‌ಟಿಎಲ್' ಅನ್ನುತ್ತಾರೆ. ಕೆಲವು ಊರಲ್ಲಿ ರಜೆ ದಿನ ಅದು ಸಡಿಲ, ಕೆಲವು ಊರಲ್ಲಿ ಇಲ್ಲ. ಕ್ಯಾಮೆರಾ ಫೋಟೊ ಹೊಡೆದರೆ ದಂಡದ ಪತ್ರ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ. ಊರ ಹೊರಗೆ ನಿಲ್ಲಿಸಿ ನಡೆದುಬಿಡಿ.

ಜ್ವರ ಬಂದರೆ, ಪಾಸ್‌ಪೋರ್ಟ್ ಹೋದರೆ

ಹಸಿರು ಶಿಲುಬೆ ಇರುವುದು ಔಷಧಿ ಅಂಗಡಿ. ಮುಚ್ಚಿದ್ದರೆ ಬಾಗಿಲ ಮೇಲೆ ಆವತ್ತು ತೆರೆದಿರುವ ಹತ್ತಿರದ ಅಂಗಡಿಯ ವಿಳಾಸ ಇರುತ್ತದೆ, ಅದಕ್ಕೆ 'ಫಾರ್ಮಚೀಯಾ ದಿ ತುರ್ನೊ' ಅನ್ನುತ್ತಾರೆ. ಸಣ್ಣಪುಟ್ಟ ಕಾಯಿಲೆಗೆ ರಜೆ ದಿನ 'ಗ್ವಾರ್ದಿಯಾ ಮೆದಿಕಾ' ಅನ್ನುವ ಡಾಕ್ಟರ್ ಇರುತ್ತಾರೆ, ಎಲ್ಲಿ ಅಂತ ಹೋಟೆಲಿನವರನ್ನು ಕೇಳಿ. ನಿಜವಾದ ತುರ್ತಿಗೆ 112. ಬಿಪಿ, ಶುಗರ್ ಮಾತ್ರೆಗಳನ್ನು ಮಾತ್ರ ಎರಡು ವಾರಕ್ಕೆ ಜಾಸ್ತಿಯೇ ತನ್ನಿ, ಚೀಟಿ ಸಮೇತ.

ಪಾಸ್‌ಪೋರ್ಟ್ ಕಳೆದರೆ ರಜೆ ಅಂತ ಕಾಯಬೇಡಿ. ಪೊಲೀಸರ ಅಥವಾ ಕರಬಿನಿಯೇರಿ ಠಾಣೆಗೆ ಹೋಗಿ ದೂರು ಬರೆಸಿ, ಆ ಪ್ರತಿ ಇಲ್ಲದೆ ಮುಂದೆ ಏನೂ ನಡೆಯುವುದಿಲ್ಲ. ಆಮೇಲೆ ರೋಮಿನ ನಮ್ಮ ರಾಯಭಾರ ಕಚೇರಿ, ಇಲ್ಲವೇ ಮಿಲಾನಿನ ಕಾನ್ಸುಲೇಟ್. ಅವರ ರಜೆ ಪಟ್ಟಿಯಲ್ಲಿ ನಮ್ಮ ರಜೆಗಳೂ ಇಲ್ಲಿನ ರಜೆಗಳೂ ಬೆರೆತಿರುತ್ತವೆ, ಹೊರಡುವ ಮುಂಚೆ ಅವರ ವೆಬ್‌ಸೈಟಿನಲ್ಲಿ ನೋಡಿ, ತುರ್ತು ನಂಬರ್ ಬರೆದಿಟ್ಟುಕೊಳ್ಳಿ. ಆಗಸ್ಟ್ 15 ಎರಡೂ ಕಡೆ ರಜೆ. ಆವತ್ತು ಬೆಳಗ್ಗೆ ಅಲ್ಲಿ ಬಾವುಟ ಹಾರಿಸುತ್ತಾರೆ, ಭಾರತೀಯರು ಹೋಗಬಹುದು. ಹೊರಗೆ ಇಡೀ ರೋಮ್ ಷಟರ್ ಎಳೆದುಕೊಂಡು ಸಮುದ್ರಕ್ಕೆ ಹೋಗಿರುವಾಗ, ಒಳಗೆ ಜನಗಣಮನ ಕೇಳಿಸುತ್ತಿರುತ್ತದೆ.